ಕರೆಂಟಕ್ಕನ ಆಲೂಗಡ್ಡೆ

ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಉದ್ದನೆಯ, ಚೆಂದದ ಹೆಸರಿತ್ತು. ಆದರೆ ಆ ಹೆಸರು ಹಿಡಿದು ಹುಡುಕಿಕೊಂಡು ಬಂದವರಿಗೆ ಗೇಟಿನ ಕಾವಲುಗಾರ ಅಂಥವರು ಯಾರೂ ಇಲ್ಲ ಎಂದು ತಲೆಯಾಡಿಸಿಬಿಡುತ್ತಿದ್ದ. ಕರೆಂಟಕ್ಕ ಎಲ್ಲಿ ಎಂದು ಕೇಳಿದರೆ ಮಾತ್ರ ಕುರ್ಚಿಯಿಂದ ಎದ್ದು, ಮೆಟ್ಟಿಲಿಳಿಯಿರಿ, ಔಷಧಿ ಉಗ್ರಾಣ ದಾಟಿ, ಎಡಕ್ಕೆ ಮೂರನೇ ಬಾಗಿಲು ಎಂದು ಕೈಸನ್ನೆ ಸಮೇತ ದಾರಿ ತೋರಿಸುತ್ತಿದ್ದ. ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಒಂದೇ ಯಂತ್ರದ ಪಕ್ಕ ಕೂತವರಿಗೆ ಹೆಸರು ಸವೆದು ಹೋಗಿ ಕೆಲಸವೇ ಹೆಸರಾಗುತ್ತದೆ. ಅದರ ಬಗ್ಗೆ ಅವಳಿಗೇನೂ ತಕರಾರು ಇರಲಿಲ್ಲ.

ಕೋಣೆ ಅರ್ಧ ನೆಲದೊಳಗಿತ್ತು. ಇದ್ದ ಒಂದೇ ಕಿಟಕಿ ಸೂರಿಗೆ ತಾಗಿಕೊಂಡಂತಿದ್ದು, ಅದರಾಚೆ ರಸ್ತೆ. ಹಾಗಾಗಿ ಹೊರಗಿನ ಪ್ರಪಂಚವೆಂದರೆ ಅವಳಿಗೆ ಬರೀ ಕಾಲುಗಳು. ಯಾರ ಚಪ್ಪಲಿ ಯಾವ ಮಗ್ಗುಲಿಗೆ ಸವೆದಿದೆ ಎಂದು ನೋಡಿಯೇ, ಇವರು ಇನ್ನಾರು ತಿಂಗಳಲ್ಲಿ ಹಿಮ್ಮಡಿ ಹಿಡಿದುಕೊಂಡು ನನ್ನ ಹತ್ತಿರ ಬರುವವರೇ ಎಂದು ಹೇಳುತ್ತಿದ್ದಳು. ಎರಡು ಮಂಚ, ಒಂದು ಮೇಜು, ಗೋಡೆಗೊಂದು ದೊಡ್ಡ ಗಡಿಯಾರ, ಮೂಲೆಯಲ್ಲಿ ನಲ್ಲಿ. ಮೇಜಿನ ಮೇಲೆ ಯಂತ್ರ.

ಯಂತ್ರ ಅಂದರೆ ಯಾರೂ ಹೆದರಬೇಕಾಗಿಲ್ಲ. ಹೊಲಿಗೆ ಸಾಮಾನಿನ ಡಬ್ಬಿಯಷ್ಟು ಗಾತ್ರ. ಮುಂದೆ ಒಂದು ಗಾಜು, ಅದರೊಳಗೆ ಅಲ್ಲಾಡುವ ಮುಳ್ಳು, ತಿರುಗಿಸಲು ಒಂದು ಗುಂಡಿ, ಕೆಳಗೆ ತಂತಿ ಸಿಕ್ಕಿಸುವ ಎರಡು ತೂತು. ಕೆಂಪು ತೂತು ಪ್ಲಸ್, ಕಪ್ಪು ತೂತು ಮೈನಸ್. ಊತ ಇಳಿಸುವ ಔಷಧಿಯನ್ನು ಒಂದು ಪ್ಯಾಡಿಗೆ ಹೀರಿಸಿ ನೋವಿದ್ದ ಕಡೆ ಕಟ್ಟುವುದು, ಇನ್ನೊಂದನ್ನು ಉಪ್ಪುನೀರಿನಲ್ಲಿ ಅದ್ದಿ ಗೇಣು ದೂರಕ್ಕೆ ಕಟ್ಟುವುದು, ಮುಳ್ಳನ್ನು ನಾಲ್ಕರ ಮೇಲೆ ತಂದು ನಿಲ್ಲಿಸಿ ಹದಿನೈದು ನಿಮಿಷ ಕಾಯುವುದು. ಚುಚ್ಚುವ ಗೋಜಿಲ್ಲ, ನುಂಗುವ ಗೋಜಿಲ್ಲ, ಔಷಧಿ ತಾನಾಗಿ ಚರ್ಮ ದಾಟಿ ಒಳಗೆ ಹೋಗುತ್ತದೆ. ಉಪ್ಪುನೀರಿನ ಪ್ಯಾಡ್ ಏನೂ ಕೆಲಸ ಮಾಡದೆ ಸುಮ್ಮನೆ ಬಂದು ಕೂರುವುದರಿಂದ ಅವಳು ಅದನ್ನು ನೆಂಟ ಪ್ಯಾಡ್ ಎಂದು ಕರೆಯುತ್ತಿದ್ದಳು.

ಕರೆಂಟಿಗೂ ಔಷಧಿಗೂ ಏನು ಸಂಬಂಧ ಎಂದು ಕೇಳದ ರೋಗಿ ಇಲ್ಲ. ಅವಳ ಉತ್ತರವೂ ಹತ್ತೊಂಬತ್ತು ವರ್ಷ ಒಂದೇ.

"ನಮ್ಮ ಔಷಧಿದು ಮೈನಸ್ ಸ್ವಭಾವ. ಅದರ ಬೆನ್ನ ಹಿಂದೆ ಮೈನಸ್ ತಂತಿನೇ ಕೊಟ್ರೆ, ಒಂದೇ ಬುದ್ಧಿಯ ಇಬ್ಬರು ಓರಗಿತ್ತಿಯರನ್ನ ಒಂದೇ ಅಡುಗೆಮನೇಲಿ ಬಿಟ್ಟ ಹಾಗೆ. ಒಬ್ಬಳು ಇನ್ನೊಬ್ಬಳನ್ನ ಆಚೆ ತಳ್ತಾಳೆ. ಇಲ್ಲಿ ಆಚೆ ಅಂದ್ರೆ ನಿಮ್ಮ ಚರ್ಮದ ಒಳಗೆ."

ಹೆಂಗಸರಿಗೆ ಇದು ಮರುಮಾತಿಲ್ಲದೆ ಅರ್ಥವಾಗುತ್ತಿತ್ತು. ಗಂಡಸರಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

ಮೊಣಕೈ, ಹಿಮ್ಮಡಿ, ಹೆಬ್ಬೆರಳ ಬುಡ, ಹೀಗೆ ಚಿಕ್ಕ ಜಾಗದ ದೊಡ್ಡ ನೋವುಗಳೆಲ್ಲ ಅವಳ ಪಾಲಿಗೆ. ವಾಸಿಯಾದವರು ಯಂತ್ರವನ್ನಾಗಲಿ ಔಷಧಿಯನ್ನಾಗಲಿ ಹೊಗಳುತ್ತಿರಲಿಲ್ಲ, ಕರೆಂಟಕ್ಕನ ಕೈಗುಣ ದೊಡ್ಡದು ಎಂದು ಹೇಳಿಕೊಂಡು ತಿರುಗುತ್ತಿದ್ದರು. ಅವಳಿಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿ. "ಕೈಗುಣ ಗೀಗುಣ ಏನಿಲ್ಲ. ಪ್ಯಾಡ್ ಒದ್ದೆಯಾಗಿರ್ಬೇಕು, ಮುಳ್ಳು ನಾಲ್ಕರಲ್ಲಿರ್ಬೇಕು, ಅಷ್ಟೇ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಅಪ್ಪ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದವನು. ತಂತಿಗಳ ನಡುವೆ ಬೆಳೆದ ಹುಡುಗಿಗೆ ಅದೃಷ್ಟದ ಮಾತು ಎಲ್ಲಿಂದ ರುಚಿಸಬೇಕು.

ಹೀಗಿರುವಾಗ ಒಂದು ದಿನ ಕಪ್ಪು ತೂತಿನಿಂದ ಸುಟ್ಟ ವಾಸನೆ ಬಂದು ಯಂತ್ರ ಕೈಕೊಟ್ಟಿತು. ಆಸ್ಪತ್ರೆಯ ಫ್ಯಾನು, ದೀಪ, ನೀರಿನ ಪಂಪು ಎಲ್ಲವನ್ನೂ ನೋಡಿಕೊಳ್ಳುವ ರಿಪೇರಿಯವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಮೂರನೇ ದಿನ ಎರಡೂ ತೂತುಗಳನ್ನು ಹೊಸದಾಗಿ ಹಾಕಿಸಿ ತಂದು, ಗುಂಡಿ ತಿರುಗಿಸಿ, ಮುಳ್ಳು ಏರುವುದನ್ನು ತೋರಿಸಿ, ಇನ್ನು ಹತ್ತು ವರ್ಷ ಯೋಚನೆಯಿಲ್ಲ ಎಂದ. ಕೆಂಪು ಫಳಫಳ ಹೊಳೆಯುತ್ತಿತ್ತು, ಕಪ್ಪು ಫಳಫಳ ಹೊಳೆಯುತ್ತಿತ್ತು. ಅವಳು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ಅದೇ ಮಧ್ಯಾಹ್ನ ಕೆಲಸ ಶುರುಮಾಡಿದಳು.

ಅಲ್ಲಿಂದ ಶನಿ ಹಿಡಿಯಿತು. ಎಂಟು ಸಲ ಬಂದ ಅಂಚೆಯವನ ಹಿಮ್ಮಡಿ ಎಂಟನೇ ಸಲವೂ ಅಷ್ಟೇ ನೋಯುತ್ತಿತ್ತು. ಬಟ್ಟೆ ಅಂಗಡಿಯಾಕೆಯ ಹೆಬ್ಬೆರಳು ಮಡಿಸಲು ಬರಲೇ ಇಲ್ಲ. ಒಬ್ಬರಿಗೆ ಆಗದಿದ್ದರೆ ರೋಗ ಗಟ್ಟಿ ಅನ್ನಬಹುದು, ಇಬ್ಬರಿಗೆ ಆಗದಿದ್ದರೆ ಔಷಧಿ ಹಳತು ಅನ್ನಬಹುದು. ಅವಳು ಎರಡನ್ನೂ ಅಂದು ನೋಡಿದಳು. ಔಷಧಿಯ ಸೀಸೆ ಬದಲಾಯಿಸಿದಳು, ಪ್ಯಾಡಿನ ಹತ್ತಿ ಬದಲಾಯಿಸಿದಳು, ಹದಿನೈದು ನಿಮಿಷವನ್ನು ಇಪ್ಪತ್ತು ಮಾಡಿದಳು. ನಾಲ್ಕು ತಿಂಗಳು ಕಳೆದರೂ ಏನೂ ಬದಲಾಗಲಿಲ್ಲ. ಹೊರಗಿನ ಬೆಂಚು ದಿನೇದಿನೇ ಖಾಲಿಯಾಗುತ್ತ ಬಂತು. ಬಂದವರು ಮೇಲಿನ ಮಹಡಿಗೆ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡು ಹೋಗತೊಡಗಿದರು.

ಒಂದು ದಿನ ಬಾಗಿಲಾಚೆ ಯಾರೋ ಇಬ್ಬರು ಹೆಂಗಸರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ಕರೆಂಟಕ್ಕನ ಕೈಗುಣ ಹೋಯ್ತಂತೆ ಎಂದಳು ಒಬ್ಬಳು. ವಯಸ್ಸಾಯ್ತಲ್ಲ ಪಾಪ ಎಂದಳು ಇನ್ನೊಬ್ಬಳು. ಹತ್ತೊಂಬತ್ತು ವರ್ಷ ಇಲ್ಲವೇ ಇಲ್ಲ ಎಂದು ವಾದಿಸಿದ ವಸ್ತುವೊಂದು ಕಳೆದುಹೋಯಿತು ಎಂದು ಕೇಳಿದರೆ ಅಷ್ಟು ನೋವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನಲ್ಲಿ ತಿರುಗಿಸಿ, ನೀರಿನ ಸದ್ದು ಮಾಡಿಕೊಂಡು, ಒಂದಿಷ್ಟು ಹೊತ್ತು ಅತ್ತಳು.

ವಿಭಾಗದ ದೊಡ್ಡ ಡಾಕ್ಟರು ಕೆಟ್ಟವರೇನಲ್ಲ, ಆದರೆ ಅವರಿಗೆ ಇಂಜೆಕ್ಷನ್ ಮೇಲೆ ಪ್ರೀತಿ. ಹಾಕಿದ್ದು ಕಣ್ಣಿಗೆ ಕಾಣಬೇಕು ಎನ್ನುವ ಜಾತಿ. ಒಂದು ಬೆಳಿಗ್ಗೆ ಅವಳನ್ನು ಕರೆಸಿ, ಯಂತ್ರಕ್ಕೆ ಮುಪ್ಪು ಬಂದಿದೆ, ಹೊಸದು ತರಿಸುವ ಯೋಚನೆ ಇಲ್ಲ, ತಿಂಗಳ ಕೊನೆಗೆ ಆ ಕೋಣೆ ಮುಚ್ಚಿ ಹಳೆ ಕಡತಗಳನ್ನು ತುಂಬಿಸುತ್ತೇವೆ, ನೀವು ಬಟ್ಟೆ ವಿಭಾಗಕ್ಕೆ ಹೋಗಿ ಎಂದು ಮೆಲ್ಲಗೆ ಹೇಳಿದರು. ಬಟ್ಟೆ ವಿಭಾಗವೆಂದರೆ ಒಗೆದು ಬಂದ ಚಾದರ ಎಣಿಸುವುದು. ಅವಳು ತಲೆಯಾಡಿಸಿ ಕೆಳಗಿಳಿದು ಬಂದಳು. ನಾಲ್ಕು ತಿಂಗಳಿಂದ ಒಬ್ಬರೂ ವಾಸಿಯಾಗಿರಲಿಲ್ಲ.

ಬಾಗಿಲ ಮೇಲಿನ ಬೋರ್ಡು ಬದಲಾಯಿಸಲು ಬೋರ್ಡು ಬರೆಯುವವನನ್ನು ಕರೆಸಿದರು. ಆಸ್ಪತ್ರೆಯ ಅಷ್ಟೂ ಬೋರ್ಡುಗಳು ಅವನ ಕೈಯಿಂದಲೇ ಬಂದದ್ದು. ಶವಾಗಾರದ ಬೋರ್ಡನ್ನೂ ಎಷ್ಟು ಚೆಂದ ಬರೆದಿದ್ದನೆಂದರೆ ಹೋಗಿ ನೋಡಬೇಕು ಅನ್ನಿಸುತ್ತಿತ್ತು. ಅವನು ಏಣಿ ಹತ್ತಿ, ಹಳೆಯ ಅಕ್ಷರಗಳ ಮೇಲೆ ಬಿಳಿ ಬಣ್ಣ ಬಳಿದು ಮುಗಿಸುವಷ್ಟರಲ್ಲಿ ಮೊಣಕೈ ಹಿಡಿದುಕೊಂಡು ಕೆಳಗಿಳಿದ. ನೋವು ಆರು ತಿಂಗಳಿನದು, ಅವತ್ತು ಕುಂಚವೇ ಕೈಜಾರಿ ಬಿತ್ತು. ಮೇಲೆ ಹೋಗಿ ಇಂಜೆಕ್ಷನ್ ಹಾಕಿಸಿಕೋ ಎಂದರೆ ಸೂಜಿ ಕಂಡರೆ ತನಗೆ ಜೀವ ಹೋಗುತ್ತದೆ ಎಂದು, ಯಾವ ಬಾಗಿಲಿನ ಬೋರ್ಡು ಅಳಿಸಿದನೋ ಅದೇ ಬಾಗಿಲೊಳಗೆ ಬಂದು ಮಂಚದ ಮೇಲೆ ಕೂತ.

ಅವಳಿಗೆ ಆ ಸಂಕಟದಲ್ಲೂ ನಗು ಬಂತು. "ನಿನ್ನ ಕೈ ನಾನು ಸರಿಮಾಡಿದ್ರೆ, ನೀನು ಮೊದಲು ಮಾಡೋ ಕೆಲಸ ನನ್ನ ಕೋಣೆಗೆ ಕಡತಗಳ ಕೋಣೆ ಅಂತ ಬರೆಯೋದು."

"ಹೌದಕ್ಕ" ಎಂದ ಅವನು ತಲೆ ತಗ್ಗಿಸಿ. "ಅದಕ್ಕೇ ನಿಧಾನವಾಗಿ ಸರಿಮಾಡಿ."

ನಿಧಾನವೇನು, ಸರಿಯಾಗುವ ಲಕ್ಷಣವೇ ಇರಲಿಲ್ಲ. ಒಂದು ದಿನ ಬಿಟ್ಟು ಒಂದು ದಿನದಂತೆ ಐದು ಸಲ ಬಂದ. ಔಷಧಿಯ ಪ್ಯಾಡ್ ಮೊಣಕೈಗೆ, ಕಪ್ಪು ತಂತಿ. ನೆಂಟ ಪ್ಯಾಡ್ ತೋಳಿಗೆ, ಕೆಂಪು ತಂತಿ. ತಿಂಗಳು ಮುಗಿಯಲು ಎಂಟು ದಿನ ಉಳಿದಿತ್ತು. ಬಾಗಿಲ ಮೇಲೆ ಬಿಳಿ ಬೋರ್ಡು ಹಾಗೇ ಖಾಲಿ ನಿಂತಿತ್ತು.

ಐದನೇ ಸಲ ಅವನು ಒಂದು ಮಾತು ಹೇಳಿದ. ಹೇಳಿದ್ದು ದೂರಿನ ದನಿಯಲ್ಲಲ್ಲ, ಮಾತಿಗೆ ಮಾತು ಎಂಬಂತೆ.

"ಒಂದು ತಮಾಷೆ ನೋಡಿ ಅಕ್ಕ. ಔಷಧಿ ಹಾಕೋದು ಮೊಣಕೈಗೆ, ರಾತ್ರಿಯೆಲ್ಲ ತುರಿಸೋದು ತೋಳು. ನಿಮ್ಮ ನೆಂಟನೇ ನಂಗೆ ಜಾಸ್ತಿ ಕಾಟ ಕೊಡ್ತಾನೆ."

ಅವಳು ನೋಡಿದಳು. ಮೊಣಕೈ ಮೇಲೆ ತಿಳಿ ಗುಲಾಬಿ ಬಣ್ಣ. ತೋಳಿನ ಮೇಲೆ ಪ್ಯಾಡಿನ ಆಕಾರಕ್ಕೆ ಸರಿಯಾಗಿ ಕಡುಗೆಂಪು. ಬಣ್ಣ ತೊಳೆಯುವ ಎಣ್ಣೆಯಲ್ಲಿ ದಿನವಿಡೀ ಕೈ ಅದ್ದುವವನ ಚರ್ಮ, ಹೀಗೇ ಇರುತ್ತದೆ ಎಂದು ಮುಲಾಮು ಹಚ್ಚಿ ಕಳಿಸಿದಳು. ಕಳಿಸಿದ ಮೇಲೆ ಮುಲಾಮಿನ ಡಬ್ಬಿಯ ಮುಚ್ಚಳ ಕೈಯಲ್ಲೇ ಉಳಿಯಿತು. ಈ ಡಬ್ಬಿ ಮೊದಲೆಲ್ಲ ಆರು ತಿಂಗಳು ಬರುತ್ತಿತ್ತು, ಹಚ್ಚುತ್ತಿದ್ದದ್ದು ಔಷಧಿಯ ಪ್ಯಾಡಿನ ಜಾಗಕ್ಕೆ. ಮೈನಸ್ ತಂತಿಯ ಕೆಳಗೆ ಚರ್ಮ ಹೆಚ್ಚು ಕೆರಳುತ್ತದೆ ಎಂಬುದು ಅವಳಿಗೆ ಕೆಲಸ ಕಲಿತ ಮೊದಲ ವಾರದಿಂದಲೇ ಗೊತ್ತು. ಈಗೀಗ ಎಲ್ಲಿ ಹಚ್ಚುತ್ತಿದ್ದೇನೆ? ಅಂಚೆಯವನಿಗೆ ಹಚ್ಚಿದ್ದು ಮೀನಖಂಡಕ್ಕೆ. ಬಟ್ಟೆ ಅಂಗಡಿಯಾಕೆಗೆ ಹಚ್ಚಿದ್ದು ಮುಂಗೈಗೆ. ಎರಡೂ ನೆಂಟನ ಜಾಗ. ಇದರಲ್ಲೇನೋ ಇದೆ ಅನ್ನಿಸಿತು, ಆದರೆ ಏನೆಂದು ಇನ್ನೂ ಹಿಡಿತಕ್ಕೆ ಸಿಗಲಿಲ್ಲ.

ಮನೆಯಲ್ಲಿ ಅವಳೂ ನಾದಿನಿಯೂ ಇಬ್ಬರೇ. ಗಂಡ ತೀರಿಕೊಂಡು ಏಳು ವರ್ಷ. ಅವನು ಹೋದರೂ ಜಗಳಕ್ಕೆ ಒಬ್ಬರಿರಲಿ ಎಂದು ತನ್ನ ತಂಗಿಯನ್ನು ಬಿಟ್ಟು ಹೋದ ಎಂದು ಅವಳು ಆಗಾಗ ಹೇಳುವುದಿತ್ತು. ಸಂಜೆ ಅವಳು ಬರುವಾಗ ನಾದಿನಿ ಅಡುಗೆಮನೆಯ ಮೇಜಿನ ಮೇಲೆ ಆಲೂಗಡ್ಡೆ ಸುರಿದುಕೊಂಡು ಆರಿಸುತ್ತ ಕೂತಿದ್ದಳು. ಚಾದರ ಎಣಿಸುವುದಕ್ಕೆ ಈಗಿಂದಲೇ ಅಭ್ಯಾಸ ಮಾಡು, ಮೊದಲು ಈ ಮನೆಯದ್ದನ್ನು ಎಣಿಸಿ ಒಗೆ ಎಂದು ಅವಳದ್ದು ಶುರುವಾಯಿತು. ಆ ಮಾತಿನ ಹಿಂದೆ ಮರುಕ ಇತ್ತೆಂದು ಇಬ್ಬರಿಗೂ ಗೊತ್ತಿದ್ದುದರಿಂದ ಯಾರೂ ಜಗಳಕ್ಕೆ ಇಳಿಯಲಿಲ್ಲ. ನಾದಿನಿ ಒಂದು ಗಡ್ಡೆಯನ್ನು ದೀಪಕ್ಕೆ ಹಿಡಿದು, ಇದು ಹಸಿರಾಗಿದೆ, ತಿನ್ನಬಾರದು, ಎಸೆ ಎಂದು ಅವಳ ಕೈಗೆ ಹಾಕಿದಳು.

ಅವಳು ಎಸೆಯಲಿಲ್ಲ. ಗಡ್ಡೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು.

ಅಪ್ಪನ ಅಂಗಡಿ ಕಣ್ಣ ಮುಂದೆ ಬಂತು. ಹಳೆಯ ಬ್ಯಾಟರಿಗಳು ಬರುತ್ತಿದ್ದವು, ಆಮ್ಲ ತಿಂದು ಪ್ಲಸ್ ಯಾವುದು ಮೈನಸ್ ಯಾವುದು ಎನ್ನುವ ಗುರುತೇ ಅಳಿಸಿಹೋಗಿರುತ್ತಿತ್ತು. ಅಮ್ಮನ ಕಣ್ಣು ತಪ್ಪಿಸಿ ಅಪ್ಪ ಅಡುಗೆಮನೆಯಿಂದ ಒಂದು ಆಲೂಗಡ್ಡೆ ಎತ್ತಿಕೊಂಡು ಬರುತ್ತಿದ್ದ. ಅರ್ಧಕ್ಕೆ ಕತ್ತರಿಸಿ, ಬ್ಯಾಟರಿಯ ಎರಡು ತುದಿಗೆ ಎರಡು ತಾಮ್ರದ ತಂತಿ ಕಟ್ಟಿ, ಗಡ್ಡೆಯ ಬಿಳಿ ಮೈಗೆ ಪಕ್ಕಪಕ್ಕ ಚುಚ್ಚಿ, ಬೀಡಿ ಸೇದುತ್ತ ಕೂರುತ್ತಿದ್ದ. ಯಾವ ತಂತಿಯ ಸುತ್ತ ಹಸಿರು ಕಟ್ಟಿತೋ ಅದು ಪ್ಲಸ್. ಅವನು ಹೇಳುತ್ತಿದ್ದ ಮಾತು ಅವಳಿಗೆ ದನಿ ಸಮೇತ ನೆನಪಾಯಿತು. "ಬಣ್ಣ ಬಳಿಯೋನು ಮನುಷ್ಯ, ಮಗಳೇ. ಮನುಷ್ಯ ತಪ್ಪು ಮಾಡ್ತಾನೆ. ಗಡ್ಡೆನ ಕೇಳು."

ಮುಂದಿನದು ತಂತಾನೆ ಜೋಡಿಸಿಕೊಂಡಿತು. ಫ್ಯಾನಿನ ಎರಡು ತಂತಿ ಅದಲುಬದಲಾದರೂ ಫ್ಯಾನು ತಿರುಗುತ್ತದೆ, ದೀಪವೂ ಉರಿಯುತ್ತದೆ. ಇಡೀ ಜನ್ಮ ಫ್ಯಾನು, ದೀಪ ರಿಪೇರಿ ಮಾಡಿದವನಿಗೆ ಯಾವ ತಂತಿ ಯಾವ ತೂತಿಗೆ ಎನ್ನುವುದು ಒಂದು ಲೆಕ್ಕವೇ ಅಲ್ಲ. ಅವನು ಮುಳ್ಳು ಏರಿತೇ ಎಂದು ನೋಡಿದ, ಏರಿತು. ಅವಳು ಕೆಂಪು ಕಪ್ಪು ನೋಡಿದಳು, ಕಂಡಿತು. ಇಬ್ಬರೂ ಅಷ್ಟಕ್ಕೇ ನಿಂತಿದ್ದರು.

ಮಾರನೇ ದಿನ ಅವಳು ಊಟದ ಡಬ್ಬಿಯ ಜೊತೆ ಎರಡು ಆಲೂಗಡ್ಡೆ, ಒಂದು ಚಾಕು, ಗೇಣುದ್ದ ತಾಮ್ರದ ತಂತಿ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಬಂದಳು. ಬಾಗಿಲು ಹಾಕಿಕೊಂಡು, ಗಡ್ಡೆ ಕತ್ತರಿಸಿ, ತಾಮ್ರದ ಎರಡು ತುಂಡನ್ನು ಬೆರಳಗಲ ಬಿಟ್ಟು ಚುಚ್ಚಿದಳು. ಒಂದಕ್ಕೆ ಕೆಂಪು ತಂತಿ, ಇನ್ನೊಂದಕ್ಕೆ ಕಪ್ಪು. ಮುಳ್ಳು ನಾಲ್ಕು. ರೋಗಿಗೆ ಹೇಳುವ ಹಾಗೆ, ಅಲ್ಲಾಡಬೇಡ ಎಂದು ಗಡ್ಡೆಗೆ ಅಭ್ಯಾಸಬಲದಿಂದ ಹೇಳಿಯೂಬಿಟ್ಟಳು. ಗಡಿಯಾರ ನೋಡಿದಳು. ಐದನೇ ನಿಮಿಷಕ್ಕೆ ಏನೂ ಇಲ್ಲ. ಕಿಟಕಿಯಲ್ಲಿ ಕಾಲುಗಳು ಹೋಗುತ್ತಿದ್ದವು, ಬರುತ್ತಿದ್ದವು. ಹತ್ತನೇ ನಿಮಿಷಕ್ಕೆ ಬಗ್ಗಿ ನೋಡಿದರೆ ಒಂದು ತಂತಿಯ ಬುಡದಲ್ಲಿ ಸಣ್ಣ ಹಸಿರು ಉಂಗುರ. ಬೆರಳಿಂದ ತಂತಿ ಹಿಡಿದು ಯಂತ್ರದ ತನಕ ಹೋದಳು. ಕಪ್ಪು.

ಎರಡನೇ ಗಡ್ಡೆಯನ್ನೂ ಕತ್ತರಿಸಿ ನೋಡಿದಳು. ಅದೂ ಕಪ್ಪು ಎಂದೇ ಹೇಳಿತು. ನಾಲ್ಕು ತಿಂಗಳು ತಾನು ಓರಗಿತ್ತಿಯ ಹಿಂದೆ ಓರಗಿತ್ತಿಯನ್ನು ನಿಲ್ಲಿಸಿರಲಿಲ್ಲ, ತವರಿನವರನ್ನು ನಿಲ್ಲಿಸಿದ್ದಳು. ಅವರು ಔಷಧಿಯನ್ನು ಗಟ್ಟಿಯಾಗಿ ಹಿಡಿದು ಕೂರಿಸಿಕೊಂಡು ಹನಿಯನ್ನೂ ಒಳಗೆ ಬಿಟ್ಟಿರಲಿಲ್ಲ. ಅವಳಿಗೆ ಒಂದೇ ಸಲಕ್ಕೆ ಕುಣಿಯಬೇಕೆಂದೂ ಅನ್ನಿಸಿತು, ಕುಸಿಯಬೇಕೆಂದೂ ಅನ್ನಿಸಿತು. ಯಂತ್ರಕ್ಕೆ ಮುಪ್ಪು ಬಂದಿರಲಿಲ್ಲ. ಆದರೆ ಅಷ್ಟೂ ಜನ ತನ್ನ ಕೈಯಿಂದಲೇ ಬರಿಗೈಯಲ್ಲಿ ಹೋಗಿದ್ದರು.

ದೊಡ್ಡ ಡಾಕ್ಟರ ಮೇಜಿನ ಮೇಲೆ ಅವಳು ಎರಡು ಆಲೂಗಡ್ಡೆ ಇಟ್ಟು ವಿಷಯ ಹೇಳಿದಾಗ ಅವರು ಮೊದಲು ಗಡ್ಡೆ ನೋಡಿದರು, ಆಮೇಲೆ ಅವಳನ್ನು. ಪಾಪ, ಕೋಣೆ ಹೋಗುತ್ತಿದೆ ಎಂದು ಹೆಂಗಸಿನ ತಲೆ ಕೆಟ್ಟಿದೆ ಎಂದು ಅವರ ಮುಖದಲ್ಲೇ ಬರೆದಿತ್ತು. ತರಕಾರಿ ನೋಡಿ ಆಸ್ಪತ್ರೆಯ ತೀರ್ಮಾನ ಬದಲಾಯಿಸಲು ಆಗುವುದಿಲ್ಲ ಎಂದು ಆದಷ್ಟು ಮೃದುವಾಗಿ ಹೇಳಿದರು.

"ಹಾಗಾದ್ರೆ ನಿಮ್ಮ ಕೈ ಕೊಡಿ ಸಾರ್" ಎಂದಳು ಕರೆಂಟಕ್ಕ. "ಹತ್ತು ನಿಮಿಷ ಸಾಕು. ನನ್ನ ಮಾತು ಸುಳ್ಳಾದ್ರೆ ಇವತ್ತೇ ಚಾದರ ಎಣಿಸಕ್ಕೆ ಹೋಗ್ತೀನಿ, ತಿಂಗಳ ಕೊನೆ ತನಕ ಕಾಯಲ್ಲ."

ಅವಳ ಯೋಜನೆ ಸರಳ. ಹಲ್ಲಿನ ವಿಭಾಗದಲ್ಲಿ ಮರಗಟ್ಟಿಸುವ ಔಷಧಿ ಇದೆ. ಅದರ ಸ್ವಭಾವ ಪ್ಲಸ್. ಎರಡೂ ಪ್ಯಾಡಿಗೆ ಅದನ್ನೇ ಹಾಕುವುದು, ಒಂದೇ ಕೈಗೆ ಗೇಣು ಅಂತರದಲ್ಲಿ ಕಟ್ಟುವುದು. ಬಣ್ಣ ನಿಜ ಹೇಳುತ್ತಿದ್ದರೆ ಕೆಂಪು ತಂತಿಯ ಕೆಳಗೆ ಮರಗಟ್ಟಬೇಕು. ಗಡ್ಡೆ ನಿಜ ಹೇಳುತ್ತಿದ್ದರೆ ಕಪ್ಪಿನ ಕೆಳಗೆ. ಡಾಕ್ಟರು ಹುಬ್ಬೇರಿಸಿದರು. ಇದರಲ್ಲಿ ತಪ್ಪು ಹುಡುಕಲು ಒಂದು ಕ್ಷಣ ನೋಡಿ, ಸಿಗದೆ, ಹಲ್ಲಿನ ವಿಭಾಗಕ್ಕೆ ತಾವೇ ಫೋನು ಮಾಡಿದರು.

ಹೀಗೆ, ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿದ್ದರೂ ಒಮ್ಮೆಯೂ ಆ ಮಂಚದ ಮೇಲೆ ಕೂತಿರದ ದೊಡ್ಡ ಡಾಕ್ಟರು ಅಂಗಿಯ ತೋಳು ಮಡಚಿ ಬಂದು ಕೂತರು. ಪಕ್ಕದ ಮಂಚದಲ್ಲಿ, ತುರಿಕೆ ತಾಳದೆ ಆರನೇ ಸಲಕ್ಕೆ ಒಂದು ದಿನ ಮೊದಲೇ ಬಂದಿದ್ದ ಬೋರ್ಡು ಬರೆಯುವವನು ಎದ್ದು ಹೋಗಲೋ ಇರಲೋ ತಿಳಿಯದೆ ಅರ್ಧ ನಿಂತಿದ್ದ. ಕೂತ್ಕೋ, ಸಾಕ್ಷಿ ಬೇಕು ಎಂದಳು ಅವಳು. ಚರ್ಮವನ್ನು ಒರೆಸಿದಳು, ಪ್ಯಾಡ್ ಕಟ್ಟಿದಳು, ಮುಳ್ಳನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಚುರುಗುಟ್ಟಿದರೆ ಹೇಳಿ ಎಂದಳು. ಡಾಕ್ಟರು ಇರುವೆ ಹರಿದ ಹಾಗಿದೆ ಎಂದರು. ಎಲ್ಲರಿಗೂ ಹಾಗೇ ಎಂದಳು. ಅವಳು ಗಡಿಯಾರ ನೋಡುತ್ತ ಹತ್ತು ನಿಮಿಷ ಎಣಿಸಿದಳು. ಗಡ್ಡೆ ಸುಳ್ಳು ಹೇಳಿದ್ದರೆ, ಅಪ್ಪ ಸುಳ್ಳು ಹೇಳಿದ್ದರೆ, ಈ ಹತ್ತು ನಿಮಿಷವೇ ಈ ಕೋಣೆಯ ಕೊನೆಯ ಹತ್ತು ನಿಮಿಷ.

ಪ್ಯಾಡ್ ಬಿಚ್ಚಿ, ಆಚೆ ತಿರುಗಿಕೊಳ್ಳಿ ಎಂದಳು. ಡಾಕ್ಟರು ಕಿಟಕಿಯ ಕಡೆ ಮುಖ ಮಾಡಿದರು. ಅವಳು ಹೊಸ ಸೂಜಿ ತೆಗೆದು ಕೆಂಪು ತಂತಿ ಇದ್ದ ಜಾಗಕ್ಕೆ ಮುಟ್ಟಿಸಿದಳು.

"ಹಾ, ಚುಚ್ತು" ಎಂದು ಡಾಕ್ಟರು ಕೈ ಎಳೆದುಕೊಂಡರು.

ಆಮೇಲೆ ಕಪ್ಪು ತಂತಿ ಇದ್ದ ಜಾಗ. ಬೋರ್ಡು ಬರೆಯುವವನು ಕಣ್ಣು ಮುಚ್ಚಿಕೊಂಡ, ಸೂಜಿ ಅವನಿಗಲ್ಲದಿದ್ದರೂ. ಡಾಕ್ಟರು ಕಿಟಕಿ ನೋಡುತ್ತಲೇ ಇದ್ದರು.

"ಚುಚ್ಚಿ ಅಮ್ಮಾ, ಯಾಕೆ ಕಾಯ್ತಿದೀರಿ?"

"ನಾಲ್ಕು ಸಲ ಚುಚ್ಚಿ ಆಯ್ತು ಸಾರ್."

ಅವರು ತಿರುಗಿ ನೋಡಿದರು. ಮುಂಗೈ ಮೇಲೆ ಸಾಲಾಗಿ ನಾಲ್ಕು ಚಿಕ್ಕ ಚುಕ್ಕಿಗಳು. ಸೂಜಿಯನ್ನು ಅವಳ ಕೈಯಿಂದ ತೆಗೆದುಕೊಂಡು ತಾವೇ ಐದನೆಯದನ್ನು ಚುಚ್ಚಿಕೊಂಡರು. ಆಮೇಲೆ ಕೆಂಪಿನ ಜಾಗಕ್ಕೂ ಚುಚ್ಚಿಕೊಂಡು, ನೋವಾಗಿ, ಗಟ್ಟಿಯಾಗಿ ನಕ್ಕುಬಿಟ್ಟರು. ಆ ಕೋಣೆಯಲ್ಲಿ ಅಷ್ಟು ದೊಡ್ಡ ನಗು ನಾಲ್ಕು ತಿಂಗಳಿಂದ ಕೇಳಿರಲಿಲ್ಲ. ಗೆದ್ದೆ ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. ಅಪ್ಪನಿಗೂ ಹೇಳಿದಳು.

ನಗು ಮುಗಿದ ಮೇಲೆ ಡಾಕ್ಟರಿಗೆ ಸಿಟ್ಟು ಬಂತು. ರಿಪೇರಿಯವನನ್ನು ಕರೆಸಿ ಚಳಿ ಬಿಡಿಸುತ್ತೇನೆ ಎಂದು ಹೊರಟರು. ಅವಳು ಅಡ್ಡ ನಿಂತಳು. ಅವನು ತನಗೆ ಗೊತ್ತಿದ್ದ ಕೆಲಸ ಮಾಡಿದ, ನನಗೆ ಗೊತ್ತಿದ್ದ ಕೆಲಸವನ್ನು ನಾನು ಮಾಡಲಿಲ್ಲ, ಬೈಯುವುದಾದರೆ ಇಲ್ಲಿಂದ ಶುರುಮಾಡಿ ಎಂದಳು. ಡಾಕ್ಟರು ಅವಳನ್ನು ನೋಡಿ, ಕೇಳದೆ ಕೋಣೆ ಮುಚ್ಚಲು ಹೊರಟವನು ಮೂರನೆಯವನಿದ್ದಾನೆ, ಮೂವರೂ ಹಂಚಿಕೊಳ್ಳೋಣ ಎಂದರು. ದೊಡ್ಡವರ ಬಾಯಲ್ಲಿ ಅಂಥ ಮಾತು ಬರುವುದು ಅಪರೂಪ, ಬಂದಾಗ ಒಪ್ಪಿಕೊಂಡುಬಿಡಬೇಕು. ಅವಳು ಒಪ್ಪಿಕೊಂಡಳು.

ರಿಪೇರಿಯವನು ಬಂದು, ಯಂತ್ರದ ಹೊಟ್ಟೆ ಬಿಚ್ಚಿ, ತಂತಿ ಅದಲುಬದಲು ಮಾಡಿದ. ಕರೆಂಟಿಗೆ ಹಿಂದೆ ಮುಂದೆ ಇರುತ್ತದೆಂದು ತನಗೆ ಯಾರೂ ಹೇಳಿರಲಿಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡ. ಅವಳು ಮೂರನೇ ಗಡ್ಡೆ ಕತ್ತರಿಸಿದಳು. ಈ ಸಲ ಹಸಿರು ಕೆಂಪಿನ ಕಡೆ ಬಂತು.

ಆಮೇಲೆ ಅವಳು ಮಾಡಿದ್ದು ಎಲ್ಲಕ್ಕಿಂತ ಕಷ್ಟದ ಕೆಲಸ. ರೋಗಿಗಳ ಪುಸ್ತಕ ತೆಗೆದು ರಿಪೇರಿಯ ದಿನದಿಂದ ಈಚೆಗೆ ಬಂದವರನ್ನೆಲ್ಲ ಪಟ್ಟಿ ಮಾಡಿದಳು. ನಲವತ್ತೊಂದು ಜನ. ಒಬ್ಬೊಬ್ಬರಿಗೂ ತಾನೇ ಫೋನು ಮಾಡಿ, ನಿಮಗೆ ನಾನು ಕೊಟ್ಟದ್ದು ಔಷಧಿಯಲ್ಲ, ಬರೀ ತುರಿಕೆ, ಇಷ್ಟವಿದ್ದರೆ ಮತ್ತೆ ಬನ್ನಿ ಎಂದಳು. ಅಂಚೆಯವನು ಬಾಯಿಗೆ ಬಂದ ಹಾಗೆ ಬೈದ, ಮಾರನೇ ದಿನ ಮೊದಲು ಬಂದು ಕೂತವನೂ ಅವನೇ. ಬಟ್ಟೆ ಅಂಗಡಿಯಾಕೆ ಅತ್ತಳು. ತಮಾಷೆಯೆಂದರೆ ನಾಲ್ವರು ಅಷ್ಟರಲ್ಲಿ ತಾವಾಗಿಯೇ ವಾಸಿಯಾಗಿದ್ದರು, ಎಲ್ಲ ನಿಮ್ಮ ಕೈಗುಣ ಎಂದು ಫೋನಿನಲ್ಲೇ ಹಾಡಿ ಹೊಗಳಿದರು. ಅವರಿಗೂ ಅವಳು ಹಟ ಹಿಡಿದು ನಿಜ ಹೇಳಿದಳು. ಅವರು ನಂಬಲಿಲ್ಲ, ಅದಕ್ಕೆ ಅವಳೇನು ಮಾಡಲಾಗುತ್ತದೆ.

ಬೋರ್ಡು ಬರೆಯುವವನಿಗೆ ಮತ್ತೆ ಒಂದರಿಂದ ಎಣಿಕೆ. ಮೊದಲ ಸಲವಾದ ಮಾರನೇ ದಿನ ಅವನು ಮೊಣಕೈ ಮೇಲಿನ ಕೆಂಪು ಗುರುತನ್ನು ಬಹುಮಾನ ಬಂದವರ ಹಾಗೆ ತೋರಿಸಿಕೊಂಡು, ಸರಿಯಾದ ಜಾಗದಲ್ಲಿ ತುರಿಸ್ತಿದೆ ಅಕ್ಕ ಎಂದ. ಮೂರನೇ ಸಲಕ್ಕೆ ಚಹಾದ ಲೋಟ ಎಡಗೈಯಿಂದ ಬಲಗೈಗೆ ಬಂತು. ಐದನೇ ಸಲಕ್ಕೆ ನಲ್ಲಿಯ ಗುಂಡಿಯನ್ನು ತಾನೇ ತಿರುಗಿಸಿದ. ಏಳನೇ ಸಲ ಬರುವಾಗ ಜೇಬಿನಲ್ಲಿ ಕೂದಲೆಳೆಯಷ್ಟು ಸಣ್ಣ ಕುಂಚವನ್ನೂ ಎರಡು ಪುಟ್ಟ ಬಣ್ಣದ ಡಬ್ಬಿಗಳನ್ನೂ ತಂದಿದ್ದ. ಏನೆಂದು ಕೇಳುವ ಮೊದಲೇ ಯಂತ್ರದ ಮುಂದೆ ಮಂಡಿಯೂರಿ, ಕೆಂಪು ತೂತಿನ ಪಕ್ಕ ಒಂದು ಪ್ಲಸ್, ಕಪ್ಪು ತೂತಿನ ಪಕ್ಕ ಒಂದು ಮೈನಸ್ ಎಳೆದ. ಒಂದು ಗೆರೆಯೂ ನಡುಗಿರಲಿಲ್ಲ. ಅವನು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಮುಂದಿನ ಸೋಮವಾರ ಅವನು ಏಣಿ ತಂದ. ಡಾಕ್ಟರ ಹೊಸ ಚೀಟಿ ಅವನ ಜೇಬಿನಲ್ಲಿತ್ತು: ವಿದ್ಯುತ್ ಚಿಕಿತ್ಸಾ ಕೊಠಡಿ, ಮೊದಲಿದ್ದಂತೆ. ಕರೆಂಟಕ್ಕ ಏಣಿ ಹಿಡಿದು ನಿಂತಳು. ಬೆಂಚು ತುಂಬಿತ್ತು, ಜಾಗ ಸಿಗದ ಇಬ್ಬರು ಗೋಡೆಗೆ ಒರಗಿದ್ದರು. ಬೆಂಚಿನ ನಡುವೆ ಒಬ್ಬಳು ಮೊಣಕಾಲು ಉಜ್ಜಿಕೊಳ್ಳುತ್ತ ಕೂತಿದ್ದಳು, ನಾದಿನಿ. ಏಳು ವರ್ಷದಿಂದ ನಿನ್ನ ಕರೆಂಟು ನನಗೆ ಬೇಡ ಎಂದು ಮೂಗು ಮುರಿದವಳು, ಆಲೂಗಡ್ಡೆ ತನ್ನದು ಎಂಬ ಹಕ್ಕಿನ ಮೇಲೆ ಸರದಿಯನ್ನೂ ತಪ್ಪಿಸಲು ನೋಡಿ ಬೈಸಿಕೊಂಡಿದ್ದಳು.

ಬೋರ್ಡಿನ ಮೇಲೆ ಒಂದೊಂದೇ ಅಕ್ಷರ ಮೂಡಿತು. ಉದ್ದನೆಯ ಎಳೆತಗಳನ್ನು ಅವನು ಕುಂಚ ಎತ್ತದೆ ಎಳೆದ. ಮುಗಿದ ಮೇಲೂ ಇಳಿಯಲಿಲ್ಲ. ಕೆಳಗೆ ಉಳಿದ ಜಾಗದಲ್ಲಿ ಚಿಕ್ಕದಾಗಿ, ಚೀಟಿಯಲ್ಲಿ ಇಲ್ಲದ ಒಂದು ಪದ ಬರೆಯತೊಡಗಿದ: ಕರೆಂಟಕ್ಕ. ಅಷ್ಟರಲ್ಲಿ ದೊಡ್ಡ ಡಾಕ್ಟರು ಆ ದಾರಿಯಾಗಿ ಬಂದರು, ತಲೆಯೆತ್ತಿ ಓದಿದರು.

"ಅದನ್ನ ಬರೆಯಕ್ಕೆ ನಾನು ಹೇಳಿರ್ಲಿಲ್ಲ."

"ಏನ್ಮಾಡ್ಲಿ ಸಾರ್" ಎಂದ ಅವನು ಮೇಲಿನಿಂದಲೇ. "ಕೈ ಸರಿಹೋಗಿದೆ, ನಿಲ್ಲಿಸಿದ್ರೆ ನಿಲ್ತಿಲ್ಲ."

ಡಾಕ್ಟರು ಇನ್ನೊಮ್ಮೆ ಓದಿ, ಅಕ್ಷರ ಚೆನ್ನಾಗಿದೆ ಎಂದಷ್ಟೇ ಹೇಳಿ ಮುಂದೆ ಹೋದರು. ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ ತಿವಿದು, ಕೈಗುಣ ಅಂದ್ರೆ ಇವಳದ್ದು ನೋಡು ಎಂದಳು. ಕರೆಂಟಕ್ಕನ ಕಿವಿ ನಿಮಿರಿತು. ಹತ್ತೊಂಬತ್ತು ವರ್ಷದ ಉತ್ತರ ಬಾಯಿಯ ತನಕ ಬಂತು, ಪ್ಯಾಡು, ಮುಳ್ಳು, ಈಗ ಅದರ ಜೊತೆ ಗಡ್ಡೆಯೂ ಇತ್ತು. ಇವತ್ತೊಂದು ದಿನ ಇರಲಿ ಎಂದು ನುಂಗಿಕೊಂಡಳು.

ಒಳಗೆ ಹೋಗಿ, ಇನ್ನು ವಾರಕ್ಕೊಮ್ಮೆ ತಪ್ಪದೆ ಮಾಡಬೇಕೆಂದುಕೊಂಡಿದ್ದ ಸೋಮವಾರದ ಪರೀಕ್ಷೆಗೆ ಗಡ್ಡೆಯೊಂದನ್ನು ಕತ್ತರಿಸಿ ತಂತಿ ಚುಚ್ಚಿದಳು. ಹತ್ತು ನಿಮಿಷ ಕಾದು, ಹಸಿರು ಕೆಂಪಿನ ಕಡೆಯೇ ಇದೆಯೆಂದು ಖಾತ್ರಿ ಮಾಡಿಕೊಂಡು, ಬಾಗಿಲು ತೆರೆದು ಮೊದಲನೆಯವರು ಬನ್ನಿ ಎಂದು ಕರೆದಳು.